ಮೈರಾಳ ಗಾಳಿಪಟ

ಮೂರನೆಯ ಸಲ ಬಾಗಿಲು ಬಡಿದಾಗ ಜುಸೇಲಿಯಾ ಮಗುವನ್ನು ಎದೆಗವಚಿಕೊಂಡು ಉಸಿರು ಬಿಗಿಹಿಡಿದಳು. ನಾಲ್ಕು ತಿಂಗಳ ಮೈರಾ ಬೆಳಗಿನಿಂದ ಒಂದೇ ಸಮನೆ ಅಳುತ್ತಿದ್ದಳು. ಆ ಕಟ್ಟಡದ ಗೋಡೆಗಳೋ, ಪಕ್ಕದ ಮನೆಯವರು ಕೆಮ್ಮಿದರೂ ಕೇಳುವಷ್ಟು ತೆಳು.

"ದೂರು ಬಂತು ನೋಡು," ಎಂದಳು ಗಂಡನಿಗೆ. "ನೀನೇ ಹೋಗಿ ತಪ್ಪಾಯ್ತು ಅನ್ನು. ತಲೆ ಬಗ್ಗಿಸೋದು ನಿಂಗೆ ಚೆನ್ನಾಗಿ ಬರುತ್ತೆ."

ಎಡ್ವಾಲ್ಡು ಬಾಗಿಲು ತೆಗೆದ. ಹೊರಗೆ ಮುರಮತ್ಸು ಅಜ್ಜ ನಿಂತಿದ್ದ. ಚಾಪೆ ಹೆಣೆಯುವ ಕಸುಬು ಬಿಟ್ಟಮೇಲೆ ಕೇರಿಯ ಗಾಳಿಪಟದ ತಂಡಕ್ಕೆ ಅವನೇ ಹಿರಿಯ. ಎಡ್ವಾಲ್ಡುವಿನ ಕ್ಷಮಾಪಣೆ ಅವನ ಕಿವಿಗೇ ಬೀಳಲಿಲ್ಲ; ಕತ್ತು ಉದ್ದ ಮಾಡಿ ಒಳಗೆ ನೋಡಿದ.

"ಅಳ್ತಿರೋದು ಇವಳೇನಾ? ಅಳ್ಲಿ ಬಿಡಿ. ನಮ್ಮ ಕೇರೀಲಿ ಹಸುಗೂಸು ಅತ್ತು ಮೂರು ವರ್ಷ ಆಯ್ತು. ಚೊಚ್ಚಲು ತಾನೆ?"

"ಹೌದು," ಎಂದಳು ಜುಸೇಲಿಯಾ.

"ಹಂಗಾದ್ರೆ ಮೇ ತಿಂಗಳಲ್ಲಿ ಇವಳ ಪಟ ಹಾರಿಸ್ಬೇಕು."

ಹಮಮತ್ಸುವಿನ ಕಡಲದಂಡೆಯ ಮರಳುದಿಬ್ಬದ ಮೇಲೆ ಪ್ರತಿ ಮೇ ತಿಂಗಳೂ ಒಂದೊಂದು ಕೇರಿಯವರೂ ತಮ್ಮಲ್ಲಿ ಹುಟ್ಟಿದ ಚೊಚ್ಚಲ ಮಗುವಿನ ಹೆಸರು ಬರೆದು ದೊಡ್ಡ ಪಟ ಏರಿಸುತ್ತಿದ್ದರು. ಹನ್ನೊಂದು ವರ್ಷಗಳಿಂದ ಜುಸೇಲಿಯಾ ಅದನ್ನು ಕಾರ್ಖಾನೆಯ ಬಸ್ಸಿನ ಕಿಟಕಿಯಿಂದ ನೋಡುತ್ತ ಬಂದಿದ್ದಳು.

"ಅಜ್ಜ, ನಾವು ಬ್ರೆಜಿಲ್‌ನೋರು," ಎಂದಳು ತಡವರಿಸುತ್ತ.

"ಅದು ಗೊತ್ತಿಲ್ದೆ ಏನಮ್ಮ? ನೀವು ಕಾಳು ಬೇಯಿಸೋ ಘಮ ನಮ್ಮನೆ ತನಕ ಬರುತ್ತೆ. ಪಟದ ಒಂದು ಮೂಲೇಲಿ ಮಗು ಹೆಸರು, ಇನ್ನೊಂದ್ರಲ್ಲಿ ಮನೆತನದ ಲಾಂಛನ. ಅದನ್ನ ನಾಳೆ ಸಂಜೆಯೊಳಗೆ ಬರೆದುಕೊಡಿ."

ಅಜ್ಜ ಹೋದಮೇಲೆ ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಲಾಂಛನವಿರಲು ಅವರದೇನು ಅರಸರ ಮನೆಯೇ?

"ನಮ್ಮ ಫುಟ್‌ಬಾಲ್ ತಂಡದ್ದು ಬರೆಸೋಣ," ಎಂದ ಎಡ್ವಾಲ್ಡು.

"ವರ್ಷಾ ವರ್ಷಾ ಸೋಲೋ ತಂಡ. ಅದನ್ನ ಕಟ್ಟಿ ನನ್ನ ಮಗಳನ್ನ ಮೇಲಕ್ಕೆ ಕಳಿಸ್ತೀಯಾ?"

ಅವಳು ಬ್ರೆಜಿಲ್‌ನ ಸಿಯಾರಾದಲ್ಲಿದ್ದ ತಾಯಿಗೆ ಫೋನು ಮಾಡಿದಳು. "ಅಮ್ಮಾ, ನಮ್ಮ ಮನೆತನಕ್ಕೆ ಅಂತ ಏನಾದ್ರೂ ಗುರುತು ಇದ್ಯಾ?"

"ಗುರುತಾ?" ತಾಯಿ ನಕ್ಕಳು. "ನಿಮ್ಮಪ್ಪನ ಕೈ ಮರೆತುಬಿಟ್ಯಾ? ಗೇರುಬೀಜದ ಸೊನೆಯ ಕಲೆ ಸಾಯೋವರೆಗೂ ಹೋಗ್ಲಿಲ್ಲವಲ್ಲೇ."

ಮರುದಿನ ಮುರಮತ್ಸು ಅಜ್ಜ ಅವಳು ಬರೆದ ಚಿತ್ರವನ್ನು ಒಮ್ಮೆ ನೆಟ್ಟಗೆ, ಒಮ್ಮೆ ತಲೆಕೆಳಗಾಗಿ ಹಿಡಿದು ನೋಡಿದ.

"ದೊಣ್ಣೆಮೆಣಸಿನಕಾಯಿಗೆ ಬಾಲ ಯಾಕಮ್ಮ?"

"ಅದು ಗೇರುಹಣ್ಣು ಅಜ್ಜ. ಕೆಳಗಿರೋದು ಬೀಜ. ನೀವು ಬಿಯರ್ ಜೊತೆ ಹುರಿದು ತಿಂತೀರಲ್ಲ, ಅದೇ."

"ಅದು ಹಣ್ಣಿನ ಹೊರಗೆ ಹೀಗೆ ನೇತಾಡುತ್ತಾ?" ಅಜ್ಜ ಚಿತ್ರವನ್ನು ಕಣ್ಣಿನ ಹತ್ತಿರ ತಂದ. "ಎಪ್ಪತ್ತಾರು ವರ್ಷ ತಿಂದಿದೀನಿ. ಗೊತ್ತೇ ಇರ್ಲಿಲ್ಲ ನೋಡು."

ಹಬ್ಬದ ದಿನ ಮರಳುದಿಬ್ಬದ ಮೇಲೆ ಕಹಳೆ, ಪೀಪಿಗಳ ಗದ್ದಲದಲ್ಲಿ ಪಕ್ಕದವರ ಮಾತೂ ಕೇಳುತ್ತಿರಲಿಲ್ಲ. ಕೇರಿಯ ತಂಡದವರೆಲ್ಲ ತೊಡುವ ನೀಲಿ ಅಂಗಿಯ ತೋಳು ಎಡ್ವಾಲ್ಡುವಿನ ಮೊಣಕೈಗೇ ನಿಂತುಹೋಗಿತ್ತು. ಎರಡಾಳೆತ್ತರದ ಪಟವನ್ನು ಆರು ಜನ ಎತ್ತಿ ಹಿಡಿದರು. ಕೆಂಪು ಗೇರುಹಣ್ಣು ಬಿಸಿಲಿಗೆ ಹೊಳೆಯಿತು. ಮೊದಲ ಸಲ ಪಟ ಮೇಲೆದ್ದದ್ದೇ ಮೂಗು ಕೆಳಗಾಗಿ ಮರಳಿಗೆ ಬಿತ್ತು. ಎರಡನೆಯ ಸಲ ಗಾಳಿಯೇ ಕೈಕೊಟ್ಟಿತು.

ಜುಸೇಲಿಯಾಳ ಪಕ್ಕದಲ್ಲಿ ತೋಫು ಅಂಗಡಿಯ ಓಗಿನೊ ತನ್ನ ಜೊತೆಯವಳಿಗೆ ಗದ್ದಲ ಮೀರಿಸಿ ಕೂಗಿ ಹೇಳುತ್ತಿದ್ದಳು: "ಇವರು ಇನ್ನೆರಡು ವರ್ಷಕ್ಕೆ ಊರಿಗೆ ಹೊರಟುಹೋಗೋರು. ಮುರಮತ್ಸುಗೆ ಯಾಕೆ ಬೇಕಿತ್ತೋ."

ಆ ಮಾತು ಜುಸೇಲಿಯಾಳಿಗೆ ಹೊಸದಲ್ಲ. ಇನ್ನೆರಡು ವರ್ಷ, ಇನ್ನೆರಡು ವರ್ಷ ಎಂದು ಅವಳೇ ಹನ್ನೊಂದು ವರ್ಷ ಹೇಳಿಕೊಂಡು ಬಂದಿದ್ದಳು. ಆದರೂ ಕಿವಿ ಬಿಸಿಯಾಯಿತು.

ಅಷ್ಟರಲ್ಲಿ ಕಡಲ ಕಡೆಯಿಂದ ಗಾಳಿ ಎದ್ದು ಎಲ್ಲರ ಕಣ್ಣಿಗೆ ಮರಳು ಎರಚಿತು. "ಬಂತು, ಎಳೀರಿ!" ಎಂದು ಅಜ್ಜ ಕೂಗಿದ. ಪಟ ತೊನೆಯುತ್ತ ಎದ್ದಿತು. ಹಗ್ಗ ಹಿಡಿದವರ ಕಾಲು ಮರಳಿನಲ್ಲಿ ಜಾರತೊಡಗಿತು, ಎಡ್ವಾಲ್ಡು ಮುಗ್ಗರಿಸಿದ. ಜುಸೇಲಿಯಾ ಹಿಂದೆಮುಂದೆ ನೋಡಲಿಲ್ಲ. "ಒಂಚೂರು ಹಿಡ್ಕೊಳ್ಳಿ," ಎಂದವಳೇ ಮಗುವನ್ನು ಓಗಿನೊಳ ಕೈಗೆ ತುರುಕಿ ಓಡಿದಳು.

ಹಗ್ಗ ಅಂಗೈ ತರಚಿತು. ಮೇಲೆ ಯಾರೋ ದೈತ್ಯ ಜಗ್ಗುತ್ತಿದ್ದಂತೆ ತೋಳು, ಬೆನ್ನು, ಮೈಯೆಲ್ಲ ಸೆಳೆಯಿತು. "ಬಿಡ್ಬೇಡ, ಸಡಿಲ ಬಿಡು, ಈಗ ಎಳಿ!" ಅಜ್ಜನ ಮಾತಿಗೆ ತಕ್ಕಂತೆ ಮೂವತ್ತು ಜನರ ಜೊತೆ ಅವಳೂ ಬಾಗಿದಳು, ಎದ್ದಳು. ನಡುವೆ ತನಗೇ ತಿಳಿಯದೆ ನಗುತ್ತಿದ್ದಳು. ಪಟ ಉಳಿದ ಪಟಗಳ ಸಾಲು ಸೇರಿತು. ಹಣ್ಣು ಒಂದು ಕೆಂಪು ಚುಕ್ಕೆಯಾಯಿತು. ಹೆಸರು ಓದಲಾಗದಷ್ಟು ಮೇಲಕ್ಕೆ ಹೋಯಿತು.

ಆಗ ಮಗುವಿನ ನೆನಪಾಗಿ ತಿರುಗಿ ನೋಡಿದಳು. ಓಗಿನೊ ನಿಂತಲ್ಲಿ ಇರಲಿಲ್ಲ. ಜನರ ಸಂದಿಯಿಂದ ದಾರಿ ಮಾಡಿಕೊಂಡು ದಿಬ್ಬದ ತುದಿಗೆ ಹತ್ತಿ, ಮೈರಾಳ ಕಣ್ಣಿಗೆ ಬಿಸಿಲು ಬೀಳದಂತೆ ಸೆರಗಿನ ಹಾಗೆ ತನ್ನ ಟವೆಲ್ಲನ್ನು ಅಡ್ಡ ಹಿಡಿದು, ಅವಳ ಕಿವಿಯ ಬಳಿ ಏನೋ ಹೇಳುತ್ತ, ಬೆರಳು ಚಾಚಿ ಆಕಾಶ ತೋರಿಸುತ್ತಿದ್ದಳು. ಮಗು ಆ ಬೆರಳನ್ನೇ ನೋಡುತ್ತಿತ್ತು.