ಚರ್ಚಿನ ಮೆಟ್ಟಿಲಿಗೆ ಒಡೆದ ಕಾಯಿ

ನನ್ನ ಹೆದರಿಕೆ ಇಷ್ಟೇ: ಹುಡುಗ ಇಷ್ಟವಾಗಿಬಿಟ್ಟರೆ? ಬೇಡ ಅನ್ನುವುದಕ್ಕೆ ಮಾತು ಬೇಕಿಲ್ಲ, ತಲೆ ತಗ್ಗಿಸಿ ಕೂತರಾಯಿತು. ಹಿಂದಿನ ಸಂಬಂಧಗಳೆಲ್ಲ ಹಾಗೆಯೇ ತಾವಾಗಿ ತಪ್ಪಿಹೋದವು. ಒಪ್ಪಿಗೆ ಅನ್ನುವುದಕ್ಕೆ ಬಾಯಿ ತೆರೆಯಬೇಕಲ್ಲ. ಬಿ.ಎ. ಮುಗಿಸಿದವಳು ನಾನು, ಡೈರಿಯಲ್ಲಾದರೆ ಪುಟಗಟ್ಟಲೆ ಬರೆಯುತ್ತೇನೆ. ಹೇಳು ಎಂದರೆ ದನಿ ಗಂಟಲಲ್ಲೇ ಕೂತುಬಿಡುತ್ತದೆ.

ಹುಡುಗ ರವಿಚಂದ್ರ, ಮೂಲ ನಮ್ಮ ಕಡೆಯ ಸಿದ್ದಾಪುರದವರು. ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಅಪ್ಪ ಇಟ್ಟ ಹೋಟೆಲನ್ನು, ಗಣಿ ಮುಚ್ಚಿದ ಮೇಲೂ ಅಮ್ಮನ ಜೊತೆ ನಡೆಸುತ್ತಿದ್ದರು. ಹೋಟೆಲ್ ಬಿಟ್ಟು ಬರಲಾಗದು ಎಂದರಂತೆ. ಹಾಗಾಗಿ ಅಮ್ಮನ ತಂಗಿ ಸರಸ ಚಿಕ್ಕಿ ನನ್ನನ್ನೇ ಕರೆದುಕೊಂಡು ಬ್ರಹ್ಮಾವರದಲ್ಲಿ ಬಸ್ಸು ಹತ್ತಿದಳು. ಚೀಲದಲ್ಲೊಂದು ತೆಂಗಿನಕಾಯಿ. ಕಾಯಿ ಒಡೆಯದೆ ಮಾತುಕತೆ ಶುರು ಮಾಡಿದರೆ ಚಿಕ್ಕಿಗೆ ಸಮಾಧಾನವಿಲ್ಲ.

ರವಿಚಂದ್ರರ ಅಮ್ಮ ಬಾಗಿಯಮ್ಮ ನಮ್ಮನ್ನೆಲ್ಲ ಕರೆದೊಯ್ದದ್ದು ಮಾತ್ರ, ಒಳ್ಳೆಯ ಕೆಲಸಕ್ಕೆ ಮೊದಲು ಆ ಊರಿನವರೆಲ್ಲ ಹೋಗುವ ಹಳೆಯ ಚರ್ಚಿಗೆ. ಬ್ರಿಟಿಷರು ಗಣಿ ತೋಡುವಾಗ ಕಟ್ಟಿಸಿದ್ದು. ಚೂಪು ಕಮಾನು, ಕಲ್ಲಿನ ಗೋಪುರ, ಬಣ್ಣದ ಗಾಜಿನ ಉದ್ದುದ್ದ ಕಿಟಕಿ.

“ಹ್ವಾಯ್, ಇಲ್ಲಿ ಕಾಯಿ ಒಡ್ಯುದ್ ಎಲ್ಲಿ?” ಎಂದಳು ಚಿಕ್ಕಿ.

“ಇಲ್ಲಿ ಮೇಣದಬತ್ತಿ ಮಾತ್ರ, ಸರಸಕ್ಕ,” ಬಾಗಿಯಮ್ಮ ನಕ್ಕರು.

“ಕಾಯಿ ಬ್ಯಾಡ ಅಂಬ್ ದೇವ್ರೂ ಇತ್ತಾ?”

ರವಿಚಂದ್ರ ವಾಚ್‌ಮನ್ನನ ಒಪ್ಪಿಗೆ ಕೇಳಿ ಬಂದು, ಹೊರಗಿನ ಮೆಟ್ಟಿಲಿನ ಅಂಚಿಗೆ ಕಾಯಿ ಕುಕ್ಕಿದರು. ನಾರುವ ನೀರು ಚಿಮ್ಮಿತು. ಕೊಳೆತ ಕಾಯಿ. ಚಿಕ್ಕಿಯ ಮುಖ ಬಿಳಿಚಿಕೊಂಡಿತು. ಬಾಗಿಯಮ್ಮನ ನಗುವೂ ನಿಂತಿತು.

ರವಿಚಂದ್ರ ಮಾತ್ರ ಹೊಸ ಬಿಳಿ ಕರ್ಚೀಫ್ ತೆಗೆದು, ಕುಕ್ಕರಗಾಲಲ್ಲಿ ಕೂತು ಮೆಟ್ಟಿಲು ಒರೆಸತೊಡಗಿದರು. “ಯಾರಾರೂ ಜಾರಿ ಬಿದ್ರೆ ಅದಕ್ಕೂ ಶಕುನ ಅಂತ್ರ್,” ಎಂದು ನನ್ನ ಕಡೆ ನೋಡಿ ಕಣ್ಣಲ್ಲೇ ನಕ್ಕರು. ಕೈ, ಅಂಗಿ ಎಲ್ಲ ನಾತ. ಆಗಲೇ ನನ್ನ ಹೆದರಿಕೆ ನಿಜವಾಯಿತು. ಇಷ್ಟವಾಗಿಬಿಟ್ಟರು.

ಒಳಗೆ ಹೋದೆವು. ಹಿರಿಯರಿಬ್ಬರೂ ಮೇಣದಬತ್ತಿ ಹಚ್ಚಲು ಆ ತುದಿಯ ಬಲಿಪೀಠದವರೆಗೆ ನಡೆದರು. ನಾವು ಬಾಗಿಲ ಬಳಿಯೇ ಉಳಿದೆವು. ಅಲ್ಲಿ ಚಿಕ್ಕಿ ಪಿಸುಗುಟ್ಟಿದ್ದನ್ನು ಆ ಎತ್ತರದ ಚಾವಣಿ ಎತ್ತಿಕೊಂಡು ಬಂದು ನಮ್ಮ ಕಿವಿಗೇ ಹಾಕಿತು.

“ಶಕುನ ಸಮ ಇಲ್ಲ, ಬಾಗಿಯಕ್ಕ. ಬೇಜಾರ್ ಮಾಡ್ಕಂಬ್ಯಾಡಿ, ಇಲ್ಲಿಗೇ ಬಿಡುವ. ನಮ್ ಹೆಣ್ಣಿಂದ್ ಎಂತ, ಅದ್ ಬಾಯೇ ಬಿಡುದಿಲ್ಲ.”

ರವಿಚಂದ್ರರಿಗೂ ಕೇಳಿಸಿತು. ಅವರು ತಲೆ ತಗ್ಗಿಸಿದರು. ಕೈಯಲ್ಲಿನ್ನೂ ಆ ಒದ್ದೆ ಕರ್ಚೀಫ್. ಅದರ ಮೇಲೆ ಗಾಜಿನ ಕೆಂಪು, ನೀಲಿ ಬಿಸಿಲು.

ಇಲ್ಲಿ ನನ್ನ ಸಣ್ಣ ದನಿಯೂ ಸಾಕು ಎಂದು ನನಗೆ ಹೊಳೆದದ್ದು ಆಗ.

“ಚಿಕ್ಕೀ,” ಎಂದೆ. ಇಬ್ಬರೂ ತಟ್ಟನೆ ತಿರುಗಿದರು.

“ಹಾಳಾದ್ದ್ ಕಾಯಿ ಅಲ್ದಾ? ನಂಗೆ ಇವ್ರ್ ಒಪ್ಪಿಗೆ.”