ಗೋಡೆಯಾಚೆಯ ಮಿಕ್ಸಿ

ಶಾಗ್ಯ ಊರಿನ ಆ ಮನೆಯ ನಡುವೆ ಗೋಡೆ ಎದ್ದು ಅಡುಗೆ ಬೇರೆಯಾಗಿದ್ದರೂ ಕರೆಂಟಿನ ಮೀಟರು ಮಾತ್ರ ಒಂದೇ ಉಳಿದಿತ್ತು. ಈಚೆ ಕಡೆ ಹಿರಿಸೊಸೆ ರತ್ನ, ಆಚೆ ಕಡೆ ಓರಗಿತ್ತಿ ರಾಣಿ. ರಾಣಿಗೆ ಸೋಬಾನೆ ಪದ ಕಲಿಸಿದವಳೇ ರತ್ನ. ಇವಳು ಸೊಲ್ಲು ಎತ್ತಿಕೊಟ್ಟರೆ ಅವಳು ಹಿಂದಿನಿಂದ ಹಿಡಿಯುತ್ತಿದ್ದಳು. ಈಗ ರಾಣಿ ಮೈಕು, ಸ್ಪೀಕರು ತಂದುಕೊಂಡಿದ್ದಳು. ಸ್ಪೀಕರಿನಲ್ಲಿ ತನ್ನ ದನಿಯೇ ತಿರುತಿರುಗಿ ಮೊಳಗುವಾಗ ಸೊಲ್ಲು ಹಿಡಿಯಲು ಇನ್ನೊಬ್ಬರ ಹಂಗೇಕೆ? ಮುಳ್ಳೂರಿನ ಮದುವೆಯವರು ಅವಳನ್ನು ಹಾಡಲು ಕರೆದರು, ರತ್ನಳನ್ನು ಊಟಕ್ಕೆ ಕರೆದರು. ರತ್ನಳ ಹೊಟ್ಟೆ ಧಗಧಗ ಉರಿಯಿತು.

ಒಂದು ದಿನ ರತ್ನ ಚಟ್ನಿ ರುಬ್ಬುವಾಗ ಗೋಡೆಯಾಚೆ ಸ್ಪೀಕರು ಗರ್ರೆಂದಿತು. ಮಿಕ್ಸಿ ನಿಲ್ಲಿಸಿದಳು, ಅದೂ ನಿಂತಿತು. ಮತ್ತೆ ಹಾಕಿದಳು, ಮತ್ತೆ ಗರ್ರ್! ಅಂದಿನಿಂದ ರಾಣಿ ಬಾಯಿ ತೆರೆದರೆ ಸಾಕು, ಈಚೆ ಮನೆಯಲ್ಲಿ ಚಟ್ನಿಯೇ ಚಟ್ನಿ. ಗಂಡ ಶಿವರಾಜು, "ಏನಮ್ಮೀ, ದಿನಾ ಕಾಯ್ ಚಟ್ನೀನಾ?" ಎಂದು ಗೊಣಗಿದ ಮೇಲೆ ಖಾಲಿ ಜಾರನ್ನೇ ತಿರುಗಿಸತೊಡಗಿದಳು.

ಹೂಗ್ಯಂನ ಮುತ್ತಯ್ಯ ಮಗಳ ಮದುವೆಗೆ ರಾಣಿಯ ಪದ ಕೇಳಿ ಗೊತ್ತುಮಾಡಲು ಬಂದರು. ಆಚೆ ಕಾಫಿ ಲೋಟದ ಸದ್ದು ಕೇಳಿದ್ದೇ ರತ್ನ ಮಿಕ್ಸಿಯ ಮುಂದೆ ಕಾದು ನಿಂತಳು. ರಾಣಿ ಸೊಲ್ಲು ಎತ್ತಿದಳು. ಇವಳು ಗುಂಡಿ ತಿರುಗಿಸಿದಳು.

"ಇದೇನವ್ವ, ಪದ ಕೇಳಕ್ ಬಂದ್ರೆ ರೈಸ್‌ಮಿಲ್ಲು ಕೇಳುಸ್ತಿದ್ದೀಯೆ?" ಎಂದರು ಮುತ್ತಯ್ಯ. ರತ್ನ ನಗು ತಡೆಯಲಾರದೆ ಬಾಯಿಗೆ ಸೆರಗು ಒತ್ತಿಕೊಂಡಳು.

ಟಕ್ಕೆಂದು ಸ್ಪೀಕರು ಆಫಾಯಿತು. ರಾಣಿ ಬರೀ ಬಾಯಲ್ಲೇ ಹಾಡತೊಡಗಿದಳು. ಇನ್ನು ಮಿಕ್ಸಿಯಿಂದ ಏನು ಪ್ರಯೋಜನ? ರತ್ನ ಅದನ್ನು ನಿಲ್ಲಿಸಿದಳು. ಅರಿಶಿನ ಹಚ್ಚುವ ಪದ. ಒಂದು ಸೊಲ್ಲು ಮುಗಿಸಿ ರಾಣಿ ಉಸಿರಿಗೆ ನಿಂತಳು. ಅದನ್ನು ಹಿಂದೆ ಹಾಡುವವರು ಹಿಡಿದುಕೊಡಬೇಕು, ಇಲ್ಲದಿದ್ದರೆ ಪದ ಮುಂದೆ ಹೋಗದು. ಹಿಡಿಯುವವರು ಯಾರೂ ಇರಲಿಲ್ಲ. ನಿಲ್ಲಲಿ, ಚೆನ್ನಾಗಿ ನಿಲ್ಲಲಿ, ಎಂದುಕೊಂಡಳು ರತ್ನ. ಅಂದುಕೊಳ್ಳುವಷ್ಟರಲ್ಲಿ ಅವಳ ಗಂಟಲೇ ಅವಳಿಗೆ ಎರಡು ಬಗೆದಿತ್ತು. ಸೊಲ್ಲು ಗೋಡೆ ದಾಟಿ ಹೋಗಿಯಾಗಿತ್ತು.

"ಅದ್ಯಾರವ್ವ ಆ ಕಡೆ? ಎಂಥಾ ಕಂಠ! ಮದ್ವೆಗೆ ಇಬ್ರೂ ಬಂದ್ಬುಡಿ" ಎಂಬ ಮುತ್ತಯ್ಯನವರ ಮಾತು ಕೇಳಿಸಿತು.

ರಾಣಿ ಬಂದು ಅಡುಗೆಮನೆ ಬಾಗಿಲಲ್ಲಿ ನಿಂತಳು. ರತ್ನಳ ಮುಖ ನೋಡಲಿಲ್ಲ, ಖಾಲಿ ಜಾರನ್ನು ನೋಡಿದಳು.

"ಬರೀ ಜಾರು ತಿರುಗ್ಸುದ್ರೆ ಮೋಟ್ರು ಸುಟ್ಟೋಯ್ತದೆ ಕಣಕ್ಕಾ. ಖಾಲಿ ಸದ್ದು ನಂಗ್ ಗೊತ್ತಾಗಾಕಿಲ್ವಾ? ನಾಕ್ ಕಾಳಾದ್ರೂ ಆಕ್ಬೇಕಿತ್ತು. ಬಾ, ಕಾಯ್ತಾವ್ರೆ."

ರತ್ನ ನಾಚಿಕೆಯಿಂದ ಹಿಡಿಯಷ್ಟಾದಳು. ಆದರೂ ಸೆರಗು ಸರಿಮಾಡಿಕೊಂಡು ಹೊರಡುವಾಗ ಅವಳ ಬಾಯಿಂದ ಬಂದದ್ದು ಒಂದೇ ಮಾತು.

"ಮೈಕು ಯಾರ್ ಕೈಲಿರ್ತದೆ?"