ಎರವಲು ಅಳು

ಆ ಕಟ್ಟಡದಲ್ಲಿ ಎಲ್ಲರೂ ಅವಳನ್ನು ದನಿಯಕ್ಕ ಎಂದೇ ಕರೆಯುತ್ತಿದ್ದರು. ಸುದ್ದಿವಾಹಿನಿಯೊಂದರಲ್ಲಿ ಹದಿನಾಲ್ಕು ವರ್ಷಗಳಿಂದ ಅವಳಿಗೆ ಒಂದೇ ಕೆಲಸ. ಪರದೇಶದಲ್ಲಿ ಎಲ್ಲೋ ಗಣಿ ಕುಸಿದು, ದೋಣಿ ಮುಳುಗಿ, ಹೆಂಗಸೊಬ್ಬಳು ಕ್ಯಾಮೆರಾ ಮುಂದೆ ಗೋಳಾಡಿದರೆ ಆ ಗೋಳನ್ನು ನಮ್ಮ ಭಾಷೆಯಲ್ಲಿ ಹೇಳುವುದು. ಬಾಗಿಲು ಹಾಕಿದರೆ ಕಿವಿ ಗುಂಯ್ ಎನ್ನುವಂಥ ಪುಟ್ಟ ಕೋಣೆ, ಒಂದು ಮೈಕು, ಒಂದು ಲೋಟ ಬಿಸಿನೀರು, ಅನುವಾದದ ಹಾಳೆ. ಎದುರಿನ ಪರದೆಯಲ್ಲಿ ಹೆಂಗಸಿನ ಬಾಯಿ ತೆರೆಯುತ್ತದೆ, ಅವಳ ಸ್ವಂತ ದನಿ ಅರೆ ಗಳಿಗೆ ಕೇಳಿಸುತ್ತದೆ, ಆಮೇಲೆ ಅದನ್ನು ತಗ್ಗಿಸಿ ದನಿಯಕ್ಕ ಶುರುಮಾಡುತ್ತಾಳೆ.

ಕಸುಬಿನ ಗುಟ್ಟನ್ನು ಕೇಳಿದವರಿಗೆಲ್ಲ ಹೇಳುತ್ತಿದ್ದಳು. ಮೂಗಿನಿಂದ ಅತ್ತರೆ ನಾಟಕ, ಗಂಟಲಿನಿಂದ ಅತ್ತರೆ ಸುಳ್ಳು. ಉಸಿರು ಎಲ್ಲಿ ತಪ್ಪುತ್ತದೋ ಅಲ್ಲಿ ಮಾತು ಮುರಿಯಬೇಕು, ಅಷ್ಟೇ.

ಅವಳ ದೊಡ್ಡ ವಿಮರ್ಶಕಿ ಮನೆಯಲ್ಲೇ ಇದ್ದಳು. ಗಂಡ ತೀರಿಕೊಂಡ ಮೇಲೆ ಮೂರನೇ ಮಹಡಿಯ ಆ ಮನೆಯಲ್ಲಿ ಉಳಿದವರು ಅತ್ತೆ, ಸೊಸೆ ಇಬ್ಬರೇ. ಅತ್ತೆಗೆ ಟೀವಿಯೇ ಬಂಧು, ಟೀವಿಯೇ ಬಳಗ. ಸಂಜೆ ಸೊಸೆ ಚಪ್ಪಲಿ ಬಿಡುವ ಮೊದಲೇ ತೀರ್ಪು ಬರುತ್ತಿತ್ತು.

"ಇವತ್ತು ಆ ಗಣಿಯವಳ ಅಳು ಸಪ್ಪೆ ಕಣೇ. ಕಣ್ಣಲ್ಲಿ ನೀರೇ ಬರಲಿಲ್ಲ."

"ಯಾರ ಕಣ್ಣಲ್ಲಿ ಅತ್ತೆ, ಅವಳ ಕಣ್ಣಲ್ಲೋ ನಿಮ್ಮ ಕಣ್ಣಲ್ಲೋ?"

"ನನ್ನ ಕಣ್ಣಲ್ಲಿ! ಅವಳದ್ದು ಅವಳು ನೋಡ್ಕೋತಾಳೆ."

ಕೆಳಗೆ ನೆಲಮಹಡಿಯಲ್ಲಿ ಟೈಲರಮ್ಮನ ಮನೆ. ಮುಂದಿನ ಕೋಣೆಯೇ ಅಂಗಡಿ. ಅವಳ ಒಬ್ಬಳೇ ಮಗಳು ಪ್ರವಾಸಿಗರ ದೊಡ್ಡ ಹಡಗಿನಲ್ಲಿ ಕೋಣೆಗಳ ಹಾಸಿಗೆ ಬಟ್ಟೆ ಬದಲಿಸುವ ಕೆಲಸಕ್ಕೆ ಹೋಗಿದ್ದಳು. ಹಿಂದಿನ ವರ್ಷ ಆ ಹಡಗಿಗೆ ನಡುಸಮುದ್ರದಲ್ಲಿ ಬೆಂಕಿ ಬಿದ್ದು, ಇಪ್ಪತ್ತೆಂಟು ದೇಶದವರು ಸತ್ತರು. ಟೈಲರಮ್ಮನ ಮಗಳೂ ಸತ್ತಳು. ಅವತ್ತು ಕಟ್ಟಡದ ಮುಂದೆ ಕ್ಯಾಮೆರಾಗಳ ಸಾಲು ನಿಂತಿತ್ತು. ಅದೇ ಹೊತ್ತಿಗೆ ದನಿಯಕ್ಕ ಸ್ಟುಡಿಯೋದಲ್ಲಿ ಅದೇ ಹಡಗಿನಲ್ಲಿ ಸತ್ತ ಬೇರೆ ದೇಶದ ಹುಡುಗಿಯೊಬ್ಬಳ ತಾಯಿಗೆ ದನಿಯಾಗಿದ್ದಳು. ಅವಳ ಅತಿ ಒಳ್ಳೆಯ ಕೆಲಸ ಅದು ಎಂದು ಸಂಪಾದಕ ಹೊಗಳಿದ. ಮೇಲಿನ ಮನೆಯಲ್ಲಿ ಅತ್ತೆ ಅದನ್ನು ಟೀವಿಯಲ್ಲಿ ಕೇಳಿ ಸೆರಗು ಒದ್ದೆಯಾಗುವಷ್ಟು ಅತ್ತಳು. ಆದರೆ ಇಬ್ಬರಲ್ಲಿ ಒಬ್ಬರೂ ಮೂವತ್ತಾರು ಮೆಟ್ಟಿಲು ಇಳಿದು ಕೆಳಗೆ ಹೋಗಲಿಲ್ಲ. ನಾಳೆ ಹೋದರಾಯಿತು ಎಂದುಕೊಂಡರು. ನಾಳೆ ಹೋಗಲು ಮುಜುಗರವಾಯಿತು. ತಿಂಗಳು ಕಳೆದ ಮೇಲೆ ಯಾವ ಮುಖ ಹೊತ್ತು ಹೋಗುವುದು?

ಈ ವರ್ಷದ ಮೊದಲಲ್ಲಿ ಸಂಪಾದಕ ದನಿಯಕ್ಕನನ್ನು ಕರೆದು ಕೂರಿಸಿ, ತಾನೇ ಎದ್ದು ಫ್ಯಾನು ಹಾಕಿದ. ಫ್ಯಾನು ಹಾಕಿದಾಗಲೇ ಅವಳಿಗೆ ವಾಸನೆ ಬಡಿಯಿತು.

"ನಾಳೆಯಿಂದ ನೀವು ಬರೋದು ಬೇಡ. ಯಂತ್ರ ನಿಮ್ಮ ದನಿ ಕಲಿತುಬಿಟ್ಟಿದೆ. ಹದಿನಾಲ್ಕು ವರ್ಷದ ರೆಕಾರ್ಡಿಂಗ್ ಎಲ್ಲ ಕೇಳಿಸಿದ್ವಿ."

"ನನ್ನನ್ನ ಕೇಳದೆ?"

"ನೀವು ಸಹಿ ಹಾಕಿದೀರಲ್ಲ, ಸೇರಿಕೊಂಡಾಗಲೇ. ಬೇಜಾರು ಮಾಡ್ಕೋಬೇಡಿ. ನೀವು ಮನೇಲಿ ಆರಾಮಾಗಿರಿ, ನಿಮ್ಮ ದನಿ ಕೆಲಸಕ್ಕೆ ಬರುತ್ತೆ."

ಅವನು ತಮಾಷೆಗೆ ಹೇಳಿದ್ದು. ಆದರೆ ಅದು ನಿಜವಾಯಿತು. ಮೂರನೇ ದಿನ ಮಧ್ಯಾಹ್ನ ಅವಳು ಅಡುಗೆಮನೆಯಲ್ಲಿ ಪಾತ್ರೆ ಉಜ್ಜುತ್ತಿದ್ದಾಗ, ಹಜಾರದಲ್ಲಿ ತಾನೇ ಅಳುವುದು ಕೇಳಿಸಿತು. "ಅಯ್ಯೋ, ನನ್ನ ಕೂಸು ಇನ್ನೂ ಒಳಗಿದೆ, ಯಾರಾದರೂ ಹೋಗಿ." ಉಸಿರು ತಪ್ಪಬೇಕಾದಲ್ಲೇ ತಪ್ಪುತ್ತಿತ್ತು. ಮಾತು ಮುರಿಯಬೇಕಾದಲ್ಲೇ ಮುರಿಯುತ್ತಿತ್ತು. ಕೈಯಲ್ಲಿ ಸೋಪಿನ ನೊರೆ ಹಿಡಿದುಕೊಂಡೇ ಹೊರಗೆ ಬಂದಳು. ಅತ್ತೆ ಟೀವಿಯನ್ನೂ ಅವಳನ್ನೂ ಮತ್ತೆಮತ್ತೆ ನೋಡಿದಳು.

"ನೀನು ಇಲ್ಲಿದ್ದೀಯ. ಹಾಗಾದ್ರೆ ಅಲ್ಲಿ ಅಳ್ತಾ ಇರೋಳು ಯಾರೇ?"

"ಮಿಷನ್ನು ಅತ್ತೆ."

ಅತ್ತೆ "ನಿನಗಿಂತ ಚೆನ್ನಾಗಿ ಅಳುತ್ತೆ" ಎಂದು ಕಣ್ಣೊರೆಸಿಕೊಂಡಳು.

ಅಂದಿನಿಂದ ಮನೆಯಲ್ಲಿ ಇಬ್ಬರು ಸೊಸೆಯರಿದ್ದಂತಾಯಿತು. ಅತ್ತೆ ಕೆಲವೊಮ್ಮೆ ಟೀವಿಯ ಕಡೆ ತಿರುಗಿ "ಇರೇ, ಬಂದೆ" ಎನ್ನುತ್ತಿದ್ದಳು. ಸಂಜೆ ಸುದ್ದಿಯ ಹೊತ್ತಿಗೆ ದನಿಯಕ್ಕ ಮೆಟ್ಟಿಲು ಹತ್ತಿ ಬಂದರೆ ಪ್ರತಿ ಬಾಗಿಲ ಹಿಂದೆಯೂ ಅವಳೇ ಅಳುತ್ತಿರುತ್ತಿದ್ದಳು. ಒಂದು ಮನೆಯ ಟೀವಿ ಇನ್ನೊಂದಕ್ಕಿಂತ ಚೂರು ಹಿಂದೆ. ಹಾಗಾಗಿ ಮೊದಲನೇ ಮಹಡಿಯಲ್ಲಿ "ನನ್ನ ಮಗು" ಎಂದದ್ದು ಎರಡನೆಯದರಲ್ಲಿ "ಮಗು" ಎಂದು ಮುಗಿಯುತ್ತಿತ್ತು. ಅವಳು ಉಸಿರು ಬಿಗಿಹಿಡಿದು ಹತ್ತುತ್ತಿದ್ದಳು, ತಾನೂ ಬಾಯಿ ತೆರೆದರೆ ಯಾವುದು ತನ್ನದೆಂದು ಗೊತ್ತಾಗದೇ ಹೋದೀತೆಂಬ ಭಯ.

ಒಂದು ಭಾನುವಾರ ಬೆಳಿಗ್ಗೆ ಅತ್ತೆ ಬಚ್ಚಲಲ್ಲಿ ಜಾರಿಬಿದ್ದಳು. ಒಳಗಿನಿಂದ ಚಿಲಕ ಹಾಕಿತ್ತು. ದಪ್ ಎಂಬ ಸದ್ದು, ಆಮೇಲೆ ನಲ್ಲಿಯ ನೀರಿನ ಸದ್ದು ಮಾತ್ರ. ದನಿಯಕ್ಕ ಭುಜಕೊಟ್ಟು ನೂಕಿದಳು, ಬಾಗಿಲು ಅಲ್ಲಾಡಲಿಲ್ಲ. ಮೆಟ್ಟಿಲ ಬಳಿಗೆ ಓಡಿ ಕೂಗಿದಳು. "ಯಾರಾದ್ರೂ ಬನ್ನಿ! ನಮ್ಮತ್ತೆ ಒಳಗಿದಾರೆ! ಬಾಗಿಲು ಒಡೀಬೇಕು, ಬನ್ನಿ!"

ಆ ಹೊತ್ತಿಗೆ ಎಲ್ಲ ಮನೆಗಳ ಟೀವಿಯಲ್ಲೂ ಯಾವುದೋ ದೇಶದ ಆಸ್ಪತ್ರೆಯ ಬೆಂಕಿಯ ಸುದ್ದಿ ನಡೆಯುತ್ತಿತ್ತು. ಅಲ್ಲಿಯೂ ಹೆಂಗಸೊಬ್ಬಳು, ಇದೇ ದನಿಯಲ್ಲಿ, ಒಳಗೆ ತನ್ನವರಿದ್ದಾರೆಂದು ಕೂಗುತ್ತಿದ್ದಳು. ದನಿಯಕ್ಕ ಇನ್ನೂ ಜೋರಾಗಿ ಕೂಗಿದಳು. ಎದುರು ಮನೆಯೊಳಗೆ ಯಾರೋ "ಛೆ, ಪಾಪ" ಎಂದರು. ಇನ್ನೊಂದು ಮನೆಯಲ್ಲಿ ಸದ್ದು ಇನ್ನಷ್ಟು ಏರಿತು. ಅವಳು ಎದುರು ಮನೆಯ ಬಾಗಿಲನ್ನು ಎರಡೂ ಕೈಯಿಂದ ಗುದ್ದಿದಳು. ತೆರೆದದ್ದು ಬ್ಯಾಂಕಿನವನ ಹೆಂಡತಿ. ಕಣ್ಣು ಕೆಂಪಾಗಿ ಕೆನ್ನೆ ಒದ್ದೆಯಾಗಿತ್ತು. ಆಕೆ ಒಮ್ಮೆ ದನಿಯಕ್ಕನ ಬಾಯನ್ನು ನೋಡಿ, ಒಮ್ಮೆ ಹಿಂದೆ ತಿರುಗಿ ಟೀವಿಯನ್ನು ನೋಡಿದಳು.

"ಇದು ನೀವಾ? ನಾನು ಅಲ್ಲಿ ಅಂದ್ಕೊಂಡೆ..." ಎಂದು ಮತ್ತೆ ಟೀವಿ ನೋಡಿದಳು. ಕಾಲು ಎತ್ತಿಡಲು ಅವಳಿಗೆ ತೋಚಲೇ ಇಲ್ಲ.

ಆಗ ಕೆಳಗಿನಿಂದ ಹೆಜ್ಜೆಯ ಸದ್ದು ಬಂತು. ಟೈಲರಮ್ಮ, ಕುತ್ತಿಗೆಯಲ್ಲಿ ಅಳತೆಪಟ್ಟಿ, ಕೈಯಲ್ಲಿ ಅಂಗಡಿಯ ಶಟರಿನ ಕಬ್ಬಿಣದ ಸಲಾಕೆ. ಏದುಸಿರಿನಲ್ಲಿ ಒಂದೇ ಮಾತು ಕೇಳಿದಳು, "ಯಾವ ಬಾಗಿಲು?"

ಸಲಾಕೆ ತೂರಿಸಿ ಇಬ್ಬರೂ ಮೀಟಿದರು. ಚಿಲಕ ಕಿತ್ತುಬಂತು. ಅತ್ತೆ ಗೋಡೆಗೊರಗಿ ಬಿದ್ದಿದ್ದಳು, ತುಟಿ ನೀಲಿಯಾಗಿತ್ತು, ಉಸಿರಿತ್ತು. ಆಂಬುಲೆನ್ಸ್ ಬರುವವರೆಗೂ ಟೈಲರಮ್ಮ ಮುದುಕಿಯ ತಲೆಯನ್ನು ತೊಡೆಯಿಂದ ಇಳಿಸಲಿಲ್ಲ.

ಸೊಂಟದ ಮೂಳೆ ಮುರಿದಿತ್ತು, ಜೀವ ಉಳಿಯಿತು. ಆಸ್ಪತ್ರೆಯ ಬೆಂಚಿನ ಮೇಲೆ ದನಿಯಕ್ಕ ಕೇಳಿದಳು, "ಅಷ್ಟು ಮನೆಯವರಿಗೆ ಗೊತ್ತಾಗಲಿಲ್ಲ. ನಿಮಗೆ ಹೇಗೆ ಗೊತ್ತಾಯ್ತು, ಇದು ಟೀವಿ ಅಲ್ಲ ಅಂತ?"

"ನಮ್ಮನೇಲಿ ಟೀವಿ ಹಾಕಿ ವರ್ಷ ಆಯ್ತು. ನನಗೆ ಕೇಳಿಸಿದ್ದು ನಿಮ್ಮೊಬ್ಬರ ಕೂಗೇ."

ದನಿಯಕ್ಕನ ತಲೆ ತಗ್ಗಿತು. "ಟೈಲರಮ್ಮ, ಅವತ್ತು ನಾವು ಬರಲಿಲ್ಲ."

"ಬರಲಿಲ್ಲ." ಟೈಲರಮ್ಮ ಅದನ್ನು ಸಮಾಧಾನಕ್ಕೂ ಹೇಳಲಿಲ್ಲ, ಕೋಪಕ್ಕೂ ಹೇಳಲಿಲ್ಲ. ರವಿಕೆಯೊಳಗಿಂದ ಫೋನು ತೆಗೆದಳು. "ನಿಮ್ಮ ಕಸುಬಿನದೇ ಒಂದು ವಿಷಯ ಕೇಳಬೇಕಿತ್ತು. ಯಾರನ್ನ ಕೇಳೋದು ಅಂತ ಗೊತ್ತಿರಲಿಲ್ಲ."

ಅದು ಬೇರೊಂದು ದೇಶದ ವಾಹಿನಿಯ ವಿಡಿಯೋ. ಅಂಗಡಿಯ ಮೆಟ್ಟಿಲ ಮೇಲೆ ಕೂತ ಟೈಲರಮ್ಮ ಬಾಯಿ ತೆರೆಯುತ್ತಾಳೆ. ಅವಳ ದನಿ ಅರೆ ಗಳಿಗೆ ಕೇಳಿ ಮುಳುಗುತ್ತದೆ. ಅದರ ಮೇಲೆ ಯಾವುದೋ ಭಾಷೆಯಲ್ಲಿ ಯಾವಳೋ ಹೆಂಗಸು ಅಳುತ್ತಾಳೆ. ಸೊಗಸಾಗಿ ಅಳುತ್ತಾಳೆ. ಕೆಳಗೆ ಲಕ್ಷಾಂತರ ಜನ ಕಣ್ಣೀರಿನ ಗುರುತು ಒತ್ತಿದ್ದರು.

"ಇವಳು ನನ್ನ ಬಾಯಲ್ಲಿ ಏನು ಹೇಳಿಸಿದಾಳೆ? ನಾನು ಅವತ್ತು ಅತ್ತೇ ಇಲ್ಲ ದನಿಯಕ್ಕ. ಅಳು ಬರಲಿಲ್ಲ. ಅವಳ ಸ್ವೆಟರು ಅರ್ಧ ಹೆಣೆದಿದ್ದೆ, ತೋಳಿನ ಅಳತೆ ಕೇಳೋದು ಮರೆತೆ ಅಂತ ಹೇಳ್ದೆ. ಅಷ್ಟೇ ಹೇಳಿದ್ದು."

ದನಿಯಕ್ಕ ಮತ್ತೆ ಮತ್ತೆ ನೋಡಿದಳು. ಪರದೆಯ ಮೇಲಿನ ತುಟಿ ನಾಲ್ಕೇ ಸಲ ಅಲ್ಲಾಡುತ್ತದೆ. ಅಳು ಮಾತ್ರ ಒಂದು ನಿಮಿಷ. ದನಿಯಕ್ಕನೇ ಎಷ್ಟು ತುಟಿಗಳಿಗೆ ಹೀಗೆ ಮಾಡಿದ್ದಳೋ! ವಿಡಿಯೋದ ಕೆಳಗೆ, ಫೋನಿನ ಅನುವಾದದ ನೆರವಿನಿಂದ, ಒಂದು ಸಾಲು ಬರೆದಳು: "ಈ ದನಿ ಯಾರದು? ಈ ತಾಯಿಗೆ ನಿಮ್ಮ ಜೊತೆ ಮಾತಾಡಬೇಕಂತೆ."

ಮೂರು ವಾರದ ನಂತರ ಉತ್ತರ ಬಂತು. "ದನಿ ನನ್ನದು. ಅತ್ತದ್ದು ನಾನಲ್ಲ. ನನ್ನ ನಂಬರ್ ಕೆಳಗಿದೆ."

ಮರುದಿನ ಮಧ್ಯಾಹ್ನ ಅಂಗಡಿಯ ಮೇಜಿನ ಮೇಲೆ ದಾರದ ಉಂಡೆಗೆ ಫೋನು ಒರಗಿಸಿ ಕರೆ ಮಾಡಿದರು. ಪರದೆಯಲ್ಲಿ ನರೆಗೂದಲಿನ, ದುಂಡು ಮುಖದ ಹೆಂಗಸು. ಹಿಂದೆ ಒಣಹಾಕಿದ ಬಟ್ಟೆ. ಮಾತು ತಿಳಿಯಲಿ ಎಂದು ದನಿಯಕ್ಕ ಅನುವಾದದ ಗುಂಡಿ ಒತ್ತಿದಳು. ಆ ಹೆಂಗಸು ಏನೋ ಹೇಳಿದಳು. ಫೋನಿನಿಂದ ಬಂದದ್ದು ದನಿಯಕ್ಕನ ದನಿ.

"ನಾನು ಕೆಲಸ ಬಿಟ್ಟು ಎಂಟು ತಿಂಗಳಾದ ಮೇಲೆ ಆ ವಿಡಿಯೋ ಬಂತು. ನನ್ನ ದನಿ ಅವರ ಹತ್ತಿರ ಇತ್ತು. ನನ್ನನ್ನು ಕ್ಷಮಿಸಿ."

ವಾಹಿನಿಯವರು ದನಿಯಕ್ಕನ ದನಿಯನ್ನು ಯಾರಿಗೆಲ್ಲ ಮಾರಿದ್ದರೋ. ಎದುರಿನವಳ ತುಟಿ ಒಂದು ಭಾಷೆ ಆಡುತ್ತಿತ್ತು, ಕ್ಷಮೆ ಮಾತ್ರ ತನ್ನದೇ ಗಂಟಲಿನಿಂದ ಬಂದಂತಿತ್ತು. ಟೈಲರಮ್ಮ ಫೋನನ್ನೂ ಪಕ್ಕದಲ್ಲಿ ಕೂತವಳನ್ನೂ ನೋಡಿದಳು.

"ನೀವು ಮಾತಾಡಿದ್ರಾ?"

ಇಲ್ಲವೆಂದು ದನಿಯಕ್ಕ ತಲೆಯಾಡಿಸಿದಳು. ಬಾಯಿ ತೆರೆಯುವ ಧೈರ್ಯವಾಗಲಿಲ್ಲ. ಆ ಕಡೆಯವಳ ಮುಖವೂ ಬಿಳಿಚಿಕೊಂಡಿತ್ತು. ಇವರ ಮಾತು ಅವಳಿಗೆ ಯಾವ ದನಿಯಲ್ಲಿ ಕೇಳಿಸಿತೋ! ಅವಳು ಬೆರಳೆತ್ತಿ ತನ್ನ ಕಿವಿ ತೋರಿಸಿ, ಬೇಡವೆಂದು ಕೈಯಾಡಿಸಿದಳು. ದನಿಯಕ್ಕ ಗುಂಡಿ ಆರಿಸಿದಳು.

ಆಮೇಲೆ ಯಾರಿಗೂ ಯಾರ ಮಾತೂ ತಿಳಿಯಲಿಲ್ಲ. ಟೈಲರಮ್ಮ ಪೆಟ್ಟಿಗೆಯಿಂದ ಅರ್ಧ ಹೆಣೆದ ಸ್ವೆಟರು ತೆಗೆದು ಕ್ಯಾಮೆರಾಕ್ಕೆ ಹಿಡಿದಳು. ತೋಳಿಲ್ಲದ ಜಾಗದಲ್ಲಿ ಕೈ ತೂರಿಸಿ ತೋರಿಸಿದಳು. ಮಗಳು ಹುಟ್ಟಿದ್ದು, ಸೊಟ್ಟ ಹಲ್ಲು, ಸುಳ್ಳು ಹೇಳುವಾಗ ಮೂಗು ಕೆರೆದುಕೊಳ್ಳುತ್ತಿದ್ದದ್ದು, ಎಲ್ಲವನ್ನೂ ತನ್ನ ಮಾತಿನಲ್ಲೇ ಹೇಳಿದಳು. ಆ ಹೆಂಗಸು ಒಂದು ಗಂಟೆ ಅಲುಗದೆ ಕೇಳಿದಳು. ಸಂಜೆ ಈ ಸಂಗತಿ ತಿಳಿದ ಅತ್ತೆ ಹಾಸಿಗೆಯಿಂದಲೇ ವಿಚಾರಿಸಿದಳು.

"ಅವಳು ಅತ್ತಳಾ?"

"ಇಲ್ಲ ಅತ್ತೆ. ಕೇಳಿಸ್ಕೊಂಡಳು."

ಅತ್ತೆ ಮರುದಿನ ಟೈಲರಮ್ಮನನ್ನು ಮೇಲೆ ಕರೆಸಿ, ಮಂಚದ ಪಕ್ಕ ಕೂರಿಸಿಕೊಂಡು, "ಮಗು ಹೆಸರೇನಮ್ಮ ಇಟ್ಟಿದ್ರಿ?" ಎಂದು ಕೇಳಿದಳು. ಒಂದು ವರ್ಷದಲ್ಲಿ ಆ ಕಟ್ಟಡದಲ್ಲಿ ಅದನ್ನು ಕೇಳಿದವರು ಅವಳೇ ಮೊದಲು.

ದನಿಯಕ್ಕ ವಾಹಿನಿಗೆ ಹೋಗಿ ದನಿ ವಾಪಸು ಕೇಳಿದಳು. ಸಂಪಾದಕ ನಯವಾಗಿ ಕಾಗದ ತೋರಿಸಿದ. ಅಲ್ಲಿಗೆ ಅದು ಮುಗಿಯಿತು. ಆ ಅಳು ಇವತ್ತಿಗೂ ಮನೆಮನೆಯಲ್ಲಿ ನಡೆಯುತ್ತಿದೆ. ಅವಳು ಮನೆಯಲ್ಲಿದ್ದ ಹಳೆಯ ರೆಕಾರ್ಡಿಂಗುಗಳಲ್ಲಿ ಹುಡುಕಿ, ಆ ದುಂಡು ಮುಖದವಳಿಗೆ, ಅವಳ ದೇಶದಲ್ಲಿ ಒಂಬತ್ತು ವರ್ಷದ ಹಿಂದೆ ಭೂಕಂಪವಾದಾಗ ತಾನು ದನಿ ಕೊಟ್ಟ ಹೆಂಗಸಿನ ಚಿತ್ರ ಕಳಿಸಿದಳು. ಇವಳು ಸಿಗುತ್ತಾಳಾ ಎಂದು ಕೇಳಿದಳು.

ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಕರೆ ಬಂತು. ದುಂಡು ಮುಖದವಳ ಪಕ್ಕದಲ್ಲಿ ಇನ್ನೊಬ್ಬಳು. ವಯಸ್ಸಾಗಿತ್ತು, ಆದರೆ ಆ ಬಾಯಿಯ ಒಂದೊಂದು ಗೆರೆಯೂ ದನಿಯಕ್ಕನಿಗೆ ಗೊತ್ತಿತ್ತು. ಮೇಲ್ದುಟಿ ಎಡಕ್ಕೆ ಎಳೆದುಕೊಂಡರೆ ಮಾತು ಬರುತ್ತದೆಂದು ಲೆಕ್ಕ. ತುಟಿ ಎಡಕ್ಕೆ ಎಳೆದುಕೊಂಡಿತು. ಹದಿನಾಲ್ಕು ವರ್ಷದ ಅಭ್ಯಾಸಕ್ಕೆ ದನಿಯಕ್ಕನ ಎದೆ ತಾನಾಗಿ ಉಸಿರು ತುಂಬಿಕೊಂಡು, ಗಂಟಲು ಹೊರಡಲು ಸಿದ್ಧವಾಯಿತು. ಅವಳು ಎರಡೂ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು.

ಆ ಹೆಂಗಸಿನ ದನಿ ಗಂಡಸಿನ ದನಿಯಂತೆ ದಪ್ಪಗಿತ್ತು. ಎಲ್ಲೂ ನಡುಗಲಿಲ್ಲ, ಎಲ್ಲೂ ಮುರಿಯಲಿಲ್ಲ. ತಾನು ಕೊಟ್ಟ ದನಿಗೂ ಇದಕ್ಕೂ ಸಾಸಿವೆಯಷ್ಟೂ ಹೋಲಿಕೆಯಿರಲಿಲ್ಲ. ದನಿಯಕ್ಕ ಬಾಯಿಂದ ಕೈ ತೆಗೆಯದೆ ಕೊನೆಯವರೆಗೂ ಕೇಳಿದಳು.